ಬಾಡಿಗೆಗೆ ಬಿಡೋಕೆ ಮೈಸೂರಲ್ಲಿ ಮನೆ ಕೊಳ್ಳುವ ಹೊಸಬರಿಗೆ

ಹೊರದೇಶಕ್ಕೆ ಬಂದು ನಾಲ್ಕು ಸಂಬಳ ಕೈಗೆ ಸೇರೋದೇ ತಡ, ಊರಿಂದ ಫೋನು ಶುರು. "ಬೋಗಾದಿ ಕಡೆ ಒಂದು ಮನೆ ಇದೆ ಕಣೋ, ಕೆಳಗೊಂದು ಮೇಲೊಂದು, ಬಾಡಿಗೇಲೇ ಸಾಲ ತೀರಿಹೋಗುತ್ತೆ." ಮನೆ ನೋಡಿ, ಬೇಡ ಅನ್ನಲ್ಲ. ಆದರೆ ಆ ಕೊನೆಯ ಮಾತನ್ನು ನಂಬಬೇಡಿ.

ಮನೆಗೆ 80 ಲಕ್ಷ, ಅದರಲ್ಲಿ 60 ಲಕ್ಷ ಸಾಲ, ಬಡ್ಡಿ ಶೇ. 8.5, ಅವಧಿ 20 ವರ್ಷ ಅಂತ ಇಟ್ಟುಕೊಳ್ಳಿ. ಕಂತು ತಿಂಗಳಿಗೆ ಸುಮಾರು 52 ಸಾವಿರ. ಎರಡೂ ಮನೆಯಿಂದ 22 ಸಾವಿರ ಬಾಡಿಗೆ ಬಂದರೂ ಉಳಿದ 30 ಸಾವಿರ ನಿಮ್ಮ ಜೇಬಿಂದಲೇ ಹೋಗಬೇಕು. ಮನೆ ಖಾಲಿ ಬಿದ್ದ ತಿಂಗಳು ಪೂರ್ತಿ 52. ಇಲ್ಲಿನ ಕೆಲಸ ಹೋದರೆ ಆರು ತಿಂಗಳ ಕಂತು ಕಟ್ಟುವಷ್ಟು ದುಡ್ಡು ಎನ್‌ಆರ್‌ಇ ಖಾತೆಯಲ್ಲಿ (ಹೊರದೇಶದ ದುಡಿಮೆ ಹಾಕಲು ಊರಿನ ಬ್ಯಾಂಕಲ್ಲಿ ತೆರೆಯುವ ಖಾತೆ) ಇಲ್ಲದಿದ್ದರೆ ಇನ್ನೂ ಸ್ವಲ್ಪ ದಿನ ತಡೆಯಿರಿ.

ಕೈಯಿಂದ ಹಾಕಬೇಕಾದ್ದು ಬರೀ 20 ಲಕ್ಷ ಅಲ್ಲ. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ಸು, ಸರ್‌ಚಾರ್ಜು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1 ಇದ್ದದ್ದು ಶೇ. 2 ಆಗಿದೆ. ಎಲ್ಲ ಸೇರಿ ಇನ್ನೊಂದು ಆರು ಲಕ್ಷ. "ಕಮ್ಮಿ ಬೆಲೆ ತೋರಿಸಿ ಉಳಿದದ್ದು ಕ್ಯಾಶ್ ಕೊಡೋಣ" ಅಂತ ಮಾರುವವರು ಅಂದರೆ ಅಲ್ಲಿಂದ ಎದ್ದು ಬನ್ನಿ. ನಾವು ದುಡ್ಡನ್ನು ಬ್ಯಾಂಕ್ ಮೂಲಕವೇ ಕೊಡಬೇಕು. ಮುಂದೆ ಮಾರಿ ಹಣ ಇತ್ತ ತರಿಸಿಕೊಳ್ಳುವಾಗ ಅದೇ ದಾಖಲೆ ಕೇಳುತ್ತಾರೆ.

ಮಂಡ್ಯದವರಿಗೆ ಒಂದು ಮಾತು. ಎಕ್ಸ್‌ಪ್ರೆಸ್‌ವೇ ಪಕ್ಕ ಎರಡು ಎಕರೆ ಗದ್ದೆ ಅಂದರೆ ಯಾರಿಗಾದರೂ ಆಸೆ ಆಗುತ್ತೆ. ಆದರೆ ಎನ್‌ಆರ್‌ಐಗಳು ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. 2020ರಲ್ಲಿ ಕರ್ನಾಟಕದ ಭೂಸುಧಾರಣಾ ಕಾಯ್ದೆ ಸಡಿಲವಾಯ್ತಲ್ಲ ಅಂತ ವಾದ ಮಾಡುವವರಿದ್ದಾರೆ. ನಮ್ಮನ್ನು ತಡೆಯುವುದು ಫೆಮಾ, ಅಂದರೆ ಕೇಂದ್ರದ ವಿದೇಶಿ ವಿನಿಮಯ ಕಾಯ್ದೆ, ಅದು ಸಡಿಲವಾಗಿಲ್ಲ. ಅಪ್ಪನಿಂದ ಪಿತ್ರಾರ್ಜಿತವಾಗಿ ಬಂದರೆ ಆ ಮಾತು ಬೇರೆ.

ಎಲ್ಲಿ ಕೊಳ್ಳಬೇಕು? ಇನ್ಫೋಸಿಸ್ ಹತ್ತಿರ ಅಂತ ಹೆಬ್ಬಾಳದ ಮನೆಗೆ ಹೆಚ್ಚು ಬೆಲೆ ಹೇಳುತ್ತಾರೆ. ತರಬೇತಿಗೆ ಬರುವ ಹುಡುಗರು ಕ್ಯಾಂಪಸ್ ಒಳಗೇ ಇರುತ್ತಾರೆ ಅನ್ನೋದನ್ನ ಮಾತ್ರ ಯಾರೂ ಹೇಳಲ್ಲ. ಗೋಕುಲಂನಲ್ಲಿ ಯೋಗ ಕಲಿಯಲು ಬರುವ ವಿದೇಶಿಯರು ಒಳ್ಳೆ ಬಾಡಿಗೆ ಕೊಟ್ಟರೂ ಸೀಸನ್ ಮುಗಿದರೆ ಹೊರಡುತ್ತಾರೆ. ನನ್ನ ಮಟ್ಟಿಗೆ ಕುವೆಂಪುನಗರ, ಸರಸ್ವತಿಪುರಂ ವಾಸಿ. ಶಾಲೆ, ಆಸ್ಪತ್ರೆ ಹತ್ತಿರ ಇದ್ದರೆ ಸಂಸಾರಸ್ಥರು ಬೇಗ ಬಿಟ್ಟು ಹೋಗಲ್ಲ.

ಕಾಗದದ ವಿಷಯಕ್ಕೆ ಬಂದರೆ ಇ-ಖಾತಾ (ಸ್ಥಳೀಯ ಸಂಸ್ಥೆ ಕೊಡುವ ಆಸ್ತಿಯ ಡಿಜಿಟಲ್ ದಾಖಲೆ) ಇಲ್ಲದೆ ನೋಂದಣಿ ಆಗಲ್ಲ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಇ.ಸಿ., ಅಂದರೆ ಋಣಭಾರ ಪ್ರಮಾಣಪತ್ರ, ನೀವೇ ತೆಗೆಸಿ ನೋಡಿ. ಮುಡಾ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ) ಜಮೀನು ಬಿಟ್ಟುಕೊಟ್ಟವರಿಗೆ ಪರಿಹಾರವಾಗಿ ಕೊಟ್ಟ 50:50 ಸೈಟಿನ ಮೇಲೆ ಕಟ್ಟಿದ ಮನೆ ಅಂದರೆ, ಹಂಚಿಕೆಯಲ್ಲಿ ಅಕ್ರಮ ಅಂತ 2024ರಲ್ಲಿ ಎದ್ದ ಗದ್ದಲ ನೆನಪಿರಲಿ, ವಕೀಲರಿಗೆ ತೋರಿಸದೆ ಅಡ್ವಾನ್ಸ್ ಕೊಡಬೇಡಿ. ಭಾವನಿಗೋ ಅಣ್ಣನಿಗೋ ಪವರ್ ಆಫ್ ಅಟಾರ್ನಿ ಬರೆದುಕೊಡುವುದಾದರೆ ಈ ಒಂದು ಮನೆಗೆ, ಈ ಒಂದು ಕೆಲಸಕ್ಕೆ ಮಾತ್ರ ಅಂತ ಬರೆಸಿ. ಪತ್ರ ಊರು ತಲುಪಿದ ಮೂರು ತಿಂಗಳೊಳಗೆ ಅಲ್ಲಿ ಸ್ಟಾಂಪ್ ಆಗಬೇಕು.

ಹೆಚ್ಚಿನವರು ಎಡವುವುದು ಬಾಡಿಗೆಯ ಟಿಡಿಎಸ್‌ನಲ್ಲಿ (ಹಣ ಕೊಡುವವರೇ ಮೊದಲೇ ಹಿಡಿಯುವ ತೆರಿಗೆ). ಮಾಲೀಕ ಎನ್‌ಆರ್‌ಐ ಆದರೆ ಬಾಡಿಗೆ ಎಷ್ಟೇ ಕಡಿಮೆ ಇರಲಿ, ಬಾಡಿಗೆದಾರರು ಶೇ. 31.2 ಹಿಡಿದು ಸರ್ಕಾರಕ್ಕೆ ಕಟ್ಟಬೇಕು. 22 ಸಾವಿರದಲ್ಲಿ ನಿಮಗೆ ಸೇರುವುದು 15 ಸಾವಿರ ಚಿಲ್ಲರೆ. ಮೇಲಿನ ಮನೆಯ ಮೇಷ್ಟ್ರಿಗೆ "ಹಿಡಿದ ತೆರಿಗೆ ಕಟ್ಟೋಕೆ ಟ್ಯಾನ್ ನಂಬರ್ ಮಾಡಿಸಿ ಸಾರ್" ಅಂದರೆ ಅವರು ಬೇರೆ ಮನೆ ಹುಡುಕಿಕೊಳ್ಳಬಹುದು! ಅದಕ್ಕೆ ಅಂತ ಬಾಡಿಗೆಯನ್ನು ಅಮ್ಮನ ಖಾತೆಗೆ ಹಾಕಿಸುವವರಿದ್ದಾರೆ. ಮನೆ ನಿಮ್ಮ ಹೆಸರಲ್ಲಿ ಇರುವ ತನಕ ಆದಾಯವೂ ನಿಮ್ಮದೇ. ನೇರ ದಾರಿ ಅಂದರೆ ಆದಾಯ ತೆರಿಗೆ ಇಲಾಖೆಗೆ ಅರ್ಜಿ ಹಾಕಿ ಕಡಿಮೆ ದರದ ಪ್ರಮಾಣಪತ್ರ ತರಿಸಿಕೊಳ್ಳುವುದು, ವರ್ಷಾ ವರ್ಷ ರಿಟರ್ನ್ ಸಲ್ಲಿಸುವುದು. ತೆರಿಗೆ ಲೆಕ್ಕ ಹಾಕುವಾಗ ಬಾಡಿಗೆಯಲ್ಲಿ ಶೇ. 30 ಹಾಗೇ ಕಳೆಯುತ್ತಾರೆ, ಸಾಲದ ಬಡ್ಡಿಯೂ ಕಳೆಯುತ್ತೆ. ಆದ್ದರಿಂದ ಹಿಡಿದ ದುಡ್ಡು ಬಹುಪಾಲು ವಾಪಸ್ ಬರುತ್ತೆ.

ಕಂದಾಯವನ್ನು ಏಪ್ರಿಲ್‌ನಲ್ಲೇ ಕಟ್ಟಿ, ಶೇ. 5 ರಿಯಾಯಿತಿ ಇದೆ. ರಸೀದಿ ನಿಮ್ಮ ಮೇಲ್‌ಗೇ ಬರಲಿ.