ಜಪಾನಿನ ಪೊರಕೆ ನಮ್ಮೂರ ಶಾಲೆಗೆ ಬಂದಾಗ

ಶಿಡ್ಲಘಟ್ಟ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಹನ್ನೊಂದು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಐದು, ಆರು, ಏಳನೇ ತರಗತಿ ನನ್ನವು. ಊರಲ್ಲಿ ಮುಕ್ಕಾಲು ಪಾಲು ಮನೆಯವರು ರೇಷ್ಮೆ ಹುಳ ಸಾಕುತ್ತಾರೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಮೌಲ್ಯ ಶಿಕ್ಷಣ ಅಂತ ನಾನು ಏನೇನು ಮಾಡಿದೆ, ಎಲ್ಲಿ ಎಡವಿದೆ ಅನ್ನೋದನ್ನ ಇಲ್ಲಿ ಬರೆಯುತ್ತಿದ್ದೇನೆ. ಸರ್ಕಾರಿ ಶಾಲೆಯ ಮೇಷ್ಟ್ರುಗಳಿಗೆ, ಮೇಡಂಗಳಿಗೆ ಉಪಯೋಗ ಆಗಬಹುದು.

ಮೊದಲ ಐದಾರು ವರ್ಷ ಎಲ್ಲರ ಹಾಗೆ ನಾನೂ ನೀತಿ ಕಥೆ ಹೇಳುತ್ತಿದ್ದೆ. ಕಥೆ ಮುಗಿದ ಮೇಲೆ "ಇದರ ನೀತಿ ಏನು?" ಅಂದರೆ ಇಡೀ ತರಗತಿ ಒಟ್ಟಿಗೆ ಕೂಗುತ್ತಿತ್ತು, "ಸುಳ್ಳು ಹೇಳಬಾರದು ಮೇಡಂ!" ಹತ್ತು ನಿಮಿಷ ಕಳೆದ ಮೇಲೆ ನಲ್ಲಿ ಹತ್ತಿರ ಅದೇ ಮಕ್ಕಳು ಒಂದು ಮಗುವಿನ ತಟ್ಟೆ ಮುಟ್ಟೋಕೆ ಹಿಂದೆ ಸರಿಯುತ್ತಿದ್ದರು, ಯಾಕೆ ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪ್ರಗತಿ ಪತ್ರದಲ್ಲಿ ಮನೋಭಾವ, ಮೌಲ್ಯ ಅಂತ ಒಂದು ಕಾಲಂ ಇರುತ್ತೆ ಅಲ್ವಾ, ಅದಕ್ಕೆ ನಾನು ಎಲ್ಲರಿಗೂ ಒಂದೇ ಶ್ರೇಣಿ ಹಾಕುತ್ತಿದ್ದೆ. ಯಾವ ಮಗು ಎಷ್ಟು ಪ್ರಾಮಾಣಿಕ ಅಂತ ಅಳೆಯೋದು ಹೇಗೆ?

ಒಂದು ತರಬೇತಿಯಲ್ಲಿ ಜಪಾನಿನ ಶಾಲೆಯ ವಿಡಿಯೋ ತೋರಿಸಿದರು. ಮಕ್ಕಳೇ ತರಗತಿ ಗುಡಿಸುತ್ತಾರೆ, ಮಂಡಿಯೂರಿ ನೆಲ ಒರೆಸುತ್ತಾರೆ, ಬಿಳಿ ಟೋಪಿ ಹಾಕಿಕೊಂಡು ತಮ್ಮ ತರಗತಿಗೆ ತಾವೇ ಊಟ ಬಡಿಸುತ್ತಾರೆ, ಟೀಚರ್ ಕೂಡ ಮಕ್ಕಳ ಜೊತೆ ಅದನ್ನೇ ಊಟ ಮಾಡುತ್ತಾರೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆಮೇಲೆ ಓದುತ್ತಾ ಹೋದೆ. ಜಪಾನಿನಲ್ಲಿ ನೀತಿ ಪಾಠಕ್ಕೆ ಅಂತ ವಾರಕ್ಕೊಂದು ಅವಧಿ 1958ರಿಂದಲೇ ಇದೆ. 2018ರಲ್ಲಿ ಪ್ರಾಥಮಿಕ ಶಾಲೆಗಳಲ್ಲಿ ಅದನ್ನ ವಿಶೇಷ ವಿಷಯ ಅಂತ ಮಾಡಿದರು, ಪಠ್ಯಪುಸ್ತಕ ಬಂತು. ಆದರೆ ಅಂಕ ಇಲ್ಲ. ಮಗು ಹೇಗೆ ಬೆಳೆಯುತ್ತಿದೆ ಅಂತ ಟೀಚರ್ ಮಾತಲ್ಲಿ ಬರೆಯಬೇಕು. ಅದನ್ನ ಓದಿದ ದಿನವೇ ನಾನೂ ಒಂದು ನೋಟ್‌ಬುಕ್ ಇಟ್ಟೆ. ಮಗುವಿಗೊಂದು ಪುಟ, ತಿಂಗಳಿಗೆ ಎರಡು ಸಾಲು. ಶ್ರೇಣಿಗಿಂತ ಆ ಎರಡು ಸಾಲು ಬರೆಯೋದು ಬಹಳ ಕಷ್ಟ, ಯಾಕೆಂದರೆ ಬರೆಯೋಕೆ ಮೊದಲು ಆ ಮಗುವನ್ನ ನೋಡಿರಬೇಕು.

ಬೇರೆ ದೇಶಗಳಲ್ಲಿ ಬೇರೆ ದಾರಿ. ದಕ್ಷಿಣ ಕೊರಿಯಾದಲ್ಲಿ ಒಳ್ಳೆಯ ನಡತೆ ಕಲಿಸಬೇಕು ಅಂತ ಕಾನೂನೇ ಇದೆ, 2015ರಲ್ಲಿ ಜಾರಿಗೆ ಬಂತು. ವಿನಯ, ಹೆತ್ತವರ ಮೇಲಿನ ಗೌರವ, ಪ್ರಾಮಾಣಿಕತೆ, ಹೊಣೆಗಾರಿಕೆ ಅಂತ ಎಂಟು ಗುಣಗಳನ್ನ ಅದರಲ್ಲಿ ಬರೆದಿದ್ದಾರೆ. ಇಂಗ್ಲೆಂಡಿನಲ್ಲಿ 2014ರಿಂದ ಪ್ರಜಾಪ್ರಭುತ್ವ, ಕಾನೂನು, ವ್ಯಕ್ತಿ ಸ್ವಾತಂತ್ರ್ಯ, ಬೇರೆ ನಂಬಿಕೆಯವರ ಬಗ್ಗೆ ಗೌರವ, ಇವನ್ನ ಬ್ರಿಟಿಷ್ ಮೌಲ್ಯಗಳು ಅಂತ ಎಲ್ಲ ಶಾಲೆಗಳೂ ಕಲಿಸಬೇಕು. ಫ್ರಾನ್ಸಿನಲ್ಲಿ ನೀತಿಯನ್ನೂ ಪೌರನೀತಿಯನ್ನೂ ಸೇರಿಸಿದ ವಿಷಯ 2015ರಲ್ಲಿ ಶುರುವಾಯಿತು. ಸಿಂಗಾಪುರದಲ್ಲಿ 2017ರಿಂದ ಎಲ್ಲ ಶಾಲೆಗಳಲ್ಲೂ ಮಕ್ಕಳೇ ದಿನಾ ಸ್ವಲ್ಪ ಹೊತ್ತು ಶಾಲೆ ಶುಚಿ ಮಾಡುತ್ತಾರೆ. ಇಷ್ಟೆಲ್ಲ ಓದಿದ ಮೇಲೆ ನನ್ನ ಮನಸ್ಸಿಗೆ ಹಿಡಿದಿದ್ದು ಪಟ್ಟಿಗಳಲ್ಲ, ಪೊರಕೆ.

ಸೋಮವಾರ ಶುರು ಮಾಡಿಯೇ ಬಿಟ್ಟೆ. ಆರು ಜನರ ಗುಂಪು, ದಿನಕ್ಕೊಂದು ಗುಂಪು, ಕೊನೆಯ ಅವಧಿಯಲ್ಲಿ ಹದಿನೈದು ನಿಮಿಷ. ನಾನು ಉತ್ಸಾಹದಲ್ಲಿದ್ದೆ. ಬುಧವಾರ ಒಬ್ಬ ಅಪ್ಪ ಬಂದು "ನಮ್ಮ ಹುಡುಗ ಪೊರಕೆ ಹಿಡಿಯೋದಾ ಮೇಡಂ? ಓದೋಕೆ ಕಳಿಸಿದ್ದು" ಅಂದರು. ಅವರಿಗೆ ಉತ್ತರ ನನ್ನ ಹತ್ತಿರ ರೆಡಿ ಇತ್ತು, ವಿಡಿಯೋ ತೋರಿಸಿ ಕಳಿಸಿದೆ. ಗುರುವಾರ ಕಾಲೋನಿಯಿಂದ ಒಬ್ಬ ಅಮ್ಮ ಬಂದರು. ಕೂಲಿಗೆ ಹೋಗಬೇಕಿತ್ತು, ಗೇಟ್ ಹತ್ತಿರವೇ ನಿಂತು ಹೇಳಿದರು. "ಊರೆಲ್ಲ ನಾವೇ ಗುಡಿಸಿದ್ದೀವಿ ಮೇಡಂ. ನಮ್ಮಮ್ಮ ಗುಡಿಸಿದಳು, ನಾನು ಗುಡಿಸಿದೆ. ಮಗಳೂ ಅದೇ ಕಲೀಬೇಕಾ?"

ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಜಪಾನಿನಲ್ಲಿ ಮಗುವಿನ ಕೈಗೆ ಪೊರಕೆ ಕೊಟ್ಟರೆ ಅದು ಪೊರಕೆ. ನಮ್ಮೂರಲ್ಲಿ ಅದು ಯಾರ ಕೈಯಲ್ಲಿದೆ ಅಂತ ನೋಡಿ ಜನ ಜಾತಿ ಹೇಳುತ್ತಾರೆ. ಇಷ್ಟು ವರ್ಷ ಇದೇ ಊರಲ್ಲಿ ಕೆಲಸ ಮಾಡಿ ಇದು ನನಗೆ ಹೊಳೆಯಲಿಲ್ಲವಲ್ಲ ಅಂತ ತುಂಬಾ ನೋವಾಯಿತು. ಆಮೇಲೆ ಗುಂಪುಗಳ ಪಟ್ಟಿ ತೆಗೆದು ನೋಡಿದೆ. ಆ ಹುಡುಗಿಯ ಹೆಸರನ್ನ ನಾನೇ ಮೊದಲ ದಿನಕ್ಕೆ ಬರೆದಿದ್ದೆ. "ಅವಳು ಚೆನ್ನಾಗಿ ಗುಡಿಸುತ್ತಾಳೆ" ಅಂತ ಅಂದುಕೊಂಡು ಬರೆದಿದ್ದೆ. ಎಲ್ಲಿ ನೋಡಿದ್ದೆ ಅವಳು ಗುಡಿಸಿದ್ದನ್ನ? ನೋಡಿರಲೇ ಇಲ್ಲ.

ಎರಡು ವಾರ ಗುಡಿಸೋದನ್ನೇ ನಿಲ್ಲಿಸಿದೆ. ಹೆಡ್ ಮಾಸ್ಟರ್ ಹತ್ತಿರ ಮಾತಾಡಿದೆ, ಶಾಲೆಯ ಉಸ್ತುವಾರಿ ನೋಡುವ ಎಸ್‌ಡಿಎಂಸಿ ಸಮಿತಿಯ ಸಭೆಯಲ್ಲಿ ಮಾತಾಡಿದೆ. ಹೊಸದಾಗಿ ಶುರು ಮಾಡಿದಾಗ ಎಲ್ಲಾ ಬದಲಾಯಿಸಿದೆವು. ಹೆಸರು ಬರೆಯೋದು ಯಾರೂ ಅಲ್ಲ, ಡಬ್ಬಿಯಿಂದ ಚೀಟಿ ಎತ್ತೋದು. ಆ ಡಬ್ಬಿಯಲ್ಲಿ ಹೆಡ್ ಮಾಸ್ಟರ್ ಚೀಟಿ ಇರಬೇಕು, ನನ್ನದಿರಬೇಕು, ಉಳಿದ ಮೂವರು ಶಿಕ್ಷಕರದೂ ಇರಬೇಕು. ಹುಡುಗರು ಬೆಂಚು ಎತ್ತೋದು, ಹುಡುಗಿಯರು ಗುಡಿಸೋದು ಅನ್ನೋದು ಇಲ್ಲ, ಕೆಲಸಕ್ಕೂ ಚೀಟಿ. ಶೌಚಾಲಯ ಇದರಲ್ಲಿ ಇಲ್ಲ. ಮಕ್ಕಳಿಂದ ಶೌಚಾಲಯ ತೊಳೆಸಬಾರದು ಅಂತ ಸರ್ಕಾರದ ಆದೇಶ ಇದೆ, ಅದು ಸರಿಯಾದ ಆದೇಶ. ಮೊದಲ ವಾರವೇ ಹೆಡ್ ಮಾಸ್ಟರ್ ಚೀಟಿ ಬಂತು. ಐವತ್ತಾರು ವರ್ಷದವರು, ಪಂಚೆ ಕಟ್ಟಿಕೊಂಡು ವರಾಂಡ ಗುಡಿಸಿದರು. ಆ ಅಮ್ಮ ಶನಿವಾರ ಗೇಟ್ ಹತ್ತಿರ ಬಂದು ಸುಮ್ನೆ ನೋಡುತ್ತಾ ನಿಂತಿದ್ದರು. ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮಗಳನ್ನ ಕಳಿಸೋದು ಮಾತ್ರ ನಿಲ್ಲಿಸಲಿಲ್ಲ.

ಊಟದ ವಿಷಯ ಇಷ್ಟು ಕಷ್ಟ ಆಗಲಿಲ್ಲ. ಬಿಸಿ ಸಾರು ಮಕ್ಕಳ ಕೈಗೆ ಕೊಡೋಕಾಗಲ್ಲ, ಅದನ್ನ ಅಡುಗೆಯವರೇ ಬಡಿಸುತ್ತಾರೆ. ಮೊಟ್ಟೆ, ಬಾಳೆಹಣ್ಣು, ನೀರು ಮಕ್ಕಳ ಪಾಲಿಗೆ ಬಂತು, ಅದಕ್ಕೂ ಚೀಟಿಯೇ. ನಾನು ಮಕ್ಕಳ ಸಾಲಲ್ಲಿ ಕೂತು ಅದೇ ಅನ್ನ ಸಾರು ಉಂಡೆ. ಈ ಒಂದರಿಂದ ಬೇಗ ಬದಲಾಗಿದ್ದು ಕೂರುವ ಜಾಗ. ನಾನು ದಿನಾ ಬೇರೆ ಬೇರೆ ಮಗುವಿನ ಪಕ್ಕ ಕೂರುತ್ತಿದ್ದೆ, ನನ್ನ ಇನ್ನೊಂದು ಪಕ್ಕ ಕೂರೋಕೆ ಪೈಪೋಟಿ, ಹಾಗಾಗಿ ಹಳೇ ಸಾಲುಗಳು ತಾವಾಗಿ ಒಡೆದವು. ಆದರೆ ಬಾಳೆಹಣ್ಣಿನದು ಜಗಳ ಆಯಿತು. ಒಂದು ಗೊನೆಯಲ್ಲಿ ದಪ್ಪದ್ದೂ ಇರುತ್ತೆ, ಚಿಕ್ಕದೂ ಇರುತ್ತೆ. ಹಂಚುವವರು ಸ್ನೇಹಿತರಿಗೆ ದಪ್ಪದ್ದು ಕೊಡುತ್ತಿದ್ದರು. ನಾನು ಬಾಯಿ ಹಾಕಲಿಲ್ಲ. ನಾಲ್ಕು ದಿನ ಜಗಳ ಆಡಿದ ಮೇಲೆ ಮಕ್ಕಳೇ ನಿಯಮ ಮಾಡಿದರು: ಹಣ್ಣು ಪುಟ್ಟಿಯಲ್ಲಿರುತ್ತೆ, ತೆಗೆದುಕೊಳ್ಳುವವರು ಕಣ್ಣು ಮುಚ್ಚಿ ತೆಗೆಯಬೇಕು, ಹಂಚುವವರಿಗೆ ಕೊನೆಯಲ್ಲಿ ಉಳಿದದ್ದು. ನ್ಯಾಯ ಅನ್ನೋ ಪದವನ್ನ ನಾನು ಆ ವಾರ ಬಳಸಲೇ ಇಲ್ಲ.

ಈಗ ನನ್ನ ದೊಡ್ಡ ತಪ್ಪಿನ ವಿಷಯ.

ಇಂಡೋನೇಷ್ಯಾದಲ್ಲಿ 2008ರಲ್ಲಿ ಭ್ರಷ್ಟಾಚಾರದ ವಿರುದ್ಧ ಅಂತ ಶಾಲೆಗಳಲ್ಲಿ ಪ್ರಾಮಾಣಿಕತೆಯ ಕ್ಯಾಂಟೀನ್ ಶುರು ಮಾಡಿದರು. ಅಂಗಡಿಯವರು ಇರಲ್ಲ. ತಿಂಡಿ ತಗೊಂಡು ಡಬ್ಬಿಗೆ ದುಡ್ಡು ಹಾಕಿ, ಚಿಲ್ಲರೆಯನ್ನೂ ಅದರಿಂದಲೇ ತಗೋಬೇಕು. ಸಾವಿರಾರು ಕಡೆ ತೆರೆದರು, ಎಷ್ಟೋ ಕಡೆ ನಷ್ಟ ಆಗಿ ಮುಚ್ಚಿದವು. ನಮ್ಮಲ್ಲೂ ಮಾಡೋಣ ಅಂತ 500 ರೂಪಾಯಿಯ ಪೆನ್ಸಿಲ್, ರಬ್ಬರ್, ಪೆನ್ನು, ನೋಟ್‌ಬುಕ್ ತಂದು ಕಿಟಕಿ ಕಟ್ಟೆಯ ಮೇಲೆ ಇಟ್ಟೆ. ಪಕ್ಕದಲ್ಲಿ ಒಂದು ಹಾರ್ಲಿಕ್ಸ್ ಬಾಟಲಿ. ಮೊದಲ ಎರಡು ವಾರ ಲೆಕ್ಕ ಸರಿ ಇತ್ತು. ಮೂರನೇ ವಾರ 46 ರೂಪಾಯಿ ಕಮ್ಮಿ ಬಂತು.

ನನಗೆ ಸಿಟ್ಟು ಬಂತು. ಎಲ್ಲರ ಬ್ಯಾಗ್ ತೆಗೆಸಿದೆ. ಒಬ್ಬ ಹುಡುಗನ ಬ್ಯಾಗಲ್ಲಿ ಎರಡು ಹೊಸ ಪೆನ್ಸಿಲ್ ಇತ್ತು. ಅವರಪ್ಪನಿಗೆ ಸಾಲ ಜಾಸ್ತಿ ಇತ್ತು, ಊರಿಗೆಲ್ಲ ಗೊತ್ತಿದ್ದ ವಿಷಯ. ತರಗತಿ ಅವನ ಕಡೆ ತಿರುಗಿ ನೋಡಿತು. ನಾನು ಬಾಯಿಬಿಟ್ಟು ಏನೂ ಅನ್ನಲಿಲ್ಲ, ಆದರೆ ನಾನೂ ಹಾಗೇ ನೋಡಿದೆ. ಮಾರನೇ ದಿನದಿಂದ ಅವನು ಶಾಲೆಗೆ ಬರಲಿಲ್ಲ.

ಮೂರನೇ ದಿನ ಮನೆಗೆ ಹೋದೆ. ರೇಷ್ಮೆ ಹುಳ ನಾಲ್ಕನೇ ಜ್ವರದಿಂದ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟು, ಎದ್ದಿದ್ದವು, ಆ ಹೊತ್ತಲ್ಲಿ ಸೊಪ್ಪು ಎಷ್ಟು ಹಾಕಿದರೂ ಸಾಲಲ್ಲ, ಮನೆಯವರೆಲ್ಲ ಓಡಾಡುತ್ತಿದ್ದರು. ಅವನು ಸೊಪ್ಪಿನ ಹೊರೆ ಇಳಿಸುತ್ತಿದ್ದ. ಪೆನ್ಸಿಲ್ ಅವನ ಮಾವ ಕೊಡಿಸಿದ್ದು ಅಂತ ಅವರಮ್ಮ ಹೇಳಿದರು. ಅವರ ಎದುರೇ ಅವನಿಗೆ "ನಂದು ತಪ್ಪಾಯ್ತು ಕಣಪ್ಪ" ಅಂದೆ. ಅವನು ತಲೆ ಎತ್ತಲಿಲ್ಲ. ಮಾರನೇ ದಿನ ತರಗತಿಯಲ್ಲಿ ಎಲ್ಲರ ಮುಂದೆ ಅದೇ ಮಾತು ಹೇಳಿದೆ. ಹುಡುಗ ಬಂದಿದ್ದು ಗೂಡು ಮಾರ್ಕೆಟ್‌ಗೆ ಹೋದ ಮೇಲೆ.

ಇನ್ನು ಆ 46 ರೂಪಾಯಿ. ನಾವು ಆಗಷ್ಟೇ ಶುಕ್ರವಾರದ ಮಾತು ಅಂತ ಶುರು ಮಾಡಿದ್ದೆವು, ಹೊಂಗೆ ಮರದ ಕೆಳಗೆ ಗುಂಡಗೆ ಕೂತು ವಾರದ ಜಗಳ, ಬೇಜಾರು, ಖುಷಿ ಎಲ್ಲಾ ಮಾತಾಡೋದು. ಡೆನ್ಮಾರ್ಕಿನ ಶಾಲೆಗಳಲ್ಲಿ ವಾರಕ್ಕೊಮ್ಮೆ ಇಂಥದ್ದೇ ತರಗತಿಯ ಗಂಟೆ ನಡೆಸುವ ಹಳೇ ರೂಢಿ ಇದೆ, ಮಕ್ಕಳು ಸರದಿ ಪ್ರಕಾರ ಮನೆಯಿಂದ ಕೇಕ್ ತರುತ್ತಾರೆ. ನಮ್ಮಲ್ಲಿ ಸರದಿ ಇಟ್ಟರೆ ತರೋಕಾಗದ ಮಗು ಆ ದಿನ ಶಾಲೆಗೇ ಬರಲ್ಲ, ಅದಕ್ಕೆ ಕಡ್ಲೆಪುರಿ ನಾನೇ ತರುತ್ತೇನೆ. ಮೊದಲೆರಡು ಶುಕ್ರವಾರ ಮಕ್ಕಳು ಪುರಿ ತಿಂದರು, ಮಾತಾಡಲಿಲ್ಲ. ಕನ್ನಡದಲ್ಲೇ ಮಾತಾಡಿ ಅಂತ ನಾನು ಹೇಳಿದ್ದೇ ಅಡ್ಡಿ ಆಗಿತ್ತು. ತೆಲುಗಲ್ಲೇ ಹೇಳಿ ಅಂದೆ. ಪಾಠದ ಉತ್ತರ ಶಾಲೆ ಮಾತಲ್ಲಿ ಬರುತ್ತೆ, ತಪ್ಪು ಒಪ್ಪಿಕೊಳ್ಳುವ ಮಾತು ಮನೆ ಮಾತಲ್ಲೇ ಬರೋದು.

ನಾನು ತಪ್ಪಾಯ್ತು ಅಂದ ಮೇಲಿನ ಶುಕ್ರವಾರ ಏಳನೇ ತರಗತಿಯ ಲೀಡರ್ ಹುಡುಗಿ, ಎಲ್ಲಾ ಟೀಚರ್‌ಗಳಿಗೂ ಅಚ್ಚುಮೆಚ್ಚು, ನಿಧಾನವಾಗಿ ಹೇಳಿದಳು. ಪೆನ್ನು ತಗೊಂಡಾಗ ದುಡ್ಡಿರಲಿಲ್ಲ, ಆಮೇಲೆ ಹಾಕೋಣ ಅಂದುಕೊಂಡೆ, ಮರೆತೆ. ಅವಳ ಹಿಂದೆ ಇನ್ನೊಬ್ಬ, ಮತ್ತೊಬ್ಬಳು. ಐದು, ಹತ್ತು, ಮೂರು. ಕಳ್ಳ ಒಬ್ಬ ಇರಲೇ ಇಲ್ಲ. ಏಳೆಂಟು ಒಳ್ಳೆಯ ಮಕ್ಕಳಿದ್ದರು, ಅವರ ಜೇಬಲ್ಲಿ ಆ ದಿನ ದುಡ್ಡಿರಲಿಲ್ಲ, ಅಷ್ಟೇ.

ಇದಕ್ಕೆ ಸಂಬಂಧಪಟ್ಟಿದ್ದನ್ನ ಆಮೇಲೆ ಓದಿದೆ. ಅಮೆರಿಕದಲ್ಲಿ ಹ್ಯೂ ಹಾರ್ಟ್‌ಶಾರ್ನ್, ಮಾರ್ಕ್ ಮೇ ಅನ್ನೋ ಇಬ್ಬರು 1920ರ ದಶಕದಲ್ಲಿ ಸುಮಾರು 11,000 ಮಕ್ಕಳನ್ನ ಪರೀಕ್ಷೆ ಮಾಡಿದರು. ಮೋಸ ಮಾಡೋಕೆ ಅವಕಾಶ ಇರುವ ಸಂದರ್ಭಗಳನ್ನ ತಾವೇ ಒದಗಿಸಿ ಯಾರು ಎಲ್ಲಿ ಏನು ಮಾಡುತ್ತಾರೆ ಅಂತ ನೋಡಿದರು. ಪರೀಕ್ಷೆಯಲ್ಲಿ ಕಾಪಿ ಹೊಡೆದ ಮಗು ದುಡ್ಡಿನ ವಿಷಯದಲ್ಲಿ ಪ್ರಾಮಾಣಿಕವಾಗಿ ಇರಬಹುದು, ಆಟದಲ್ಲಿ ಮೋಸ ಮಾಡಬಹುದು. ಪ್ರಾಮಾಣಿಕ ಮಕ್ಕಳು, ಅಪ್ರಾಮಾಣಿಕ ಮಕ್ಕಳು ಅಂತ ಎರಡು ಗುಂಪು ಸಿಗಲಿಲ್ಲ, ಸಂದರ್ಭದ ಪಾಲು ದೊಡ್ಡದಿತ್ತು. ನೀತಿ ಬೋಧನೆ ಕೇಳಿದ್ದರಿಂದ ಹೆಚ್ಚೇನೂ ವ್ಯತ್ಯಾಸ ಕಾಣಲಿಲ್ಲ. ನನ್ನ ಕಿಟಕಿ ಕಟ್ಟೆಯ ಮೇಲೆ ಆಗಿದ್ದೂ ಇದೇ ಅಲ್ವಾ?

ಹಾಗಾಗಿ ಮಕ್ಕಳಿಗೆ ಬುದ್ಧಿ ಹೇಳೋದು ಬಿಟ್ಟು ಅಂಗಡಿಯನ್ನೇ ರಿಪೇರಿ ಮಾಡಿದೆವು. ಲೀಡರ್ ಹುಡುಗಿಯೇ ಸಲಹೆ ಕೊಟ್ಟಳು: "ನಮ್ಮೂರ ಅಂಗಡೀಲಿ ಬರೆಸ್ತೀವಲ್ಲ ಮೇಡಂ, ಹಾಗೇ ಇಲ್ಲೂ ಒಂದು ಸಾಲದ ಪುಸ್ತಕ ಇಡೋಣ." ದುಡ್ಡಿಲ್ಲದಿದ್ದರೆ ಹೆಸರು, ಸಾಮಾನು, ಬೆಲೆ ತಾವೇ ಬರೆಯೋದು. ಕೊಟ್ಟಾಗ ತಾವೇ ಹೊಡೆದು ಹಾಕೋದು. ಸಾಲ ಇರೋದು ನಾಚಿಕೆ ಅಲ್ಲ, ಬರೆಯದೆ ಇರೋದು ತಪ್ಪು ಅಂತ ಅವರೇ ಮಾತಾಡಿಕೊಂಡರು. ಎರಡು ವರ್ಷ ಆಯಿತು. ಲೆಕ್ಕ ಪ್ರತಿ ತಿಂಗಳೂ ಕರೆಕ್ಟಾಗಿ ಬರುತ್ತೆ ಅಂತ ನಾನು ಹೇಳಲ್ಲ. ಐದು ಹತ್ತು ರೂಪಾಯಿ ಹೆಚ್ಚು ಕಮ್ಮಿ ಆಗುತ್ತೆ. ಆದರೆ ಆಮೇಲೆ ಯಾರ ಬ್ಯಾಗನ್ನೂ ನಾನು ತೆಗೆಸಿಲ್ಲ. ಪೆನ್ಸಿಲ್ ಸಿಕ್ಕ ಆ ಹುಡುಗ ಹೈಸ್ಕೂಲಿಗೆ ಹೋಗುವ ತನಕ ಒಂದು ಸಲವೂ ಆ ಅಂಗಡಿಯಲ್ಲಿ ಏನನ್ನೂ ಕೊಳ್ಳಲಿಲ್ಲ. ನನ್ನ ನೋಟ್‌ಬುಕ್‌ನಲ್ಲಿ ಅವನ ಪುಟದಲ್ಲಿ ನಾನು ಬರೆದ ಸಾಲುಗಳು ಅವನಿಗಿಂತ ಜಾಸ್ತಿ ನನ್ನ ಬಗ್ಗೆಯೇ ಇವೆ.

ಬೆಳಗಿನ ಪ್ರಾರ್ಥನೆಯಲ್ಲಿ ಈಗ ಸಂವಿಧಾನದ ಪೀಠಿಕೆ ಓದಿಸುತ್ತೇವೆ. ಒಂದು ಶುಕ್ರವಾರ ಭ್ರಾತೃ ಭಾವನೆ ಅಂದರೇನು ಅಂತ ಕೇಳಿದರು. ಅಣ್ಣ ತಮ್ಮಂದಿರ ಹಾಗೆ ಇರೋದು ಅಂದೆ. "ಅಣ್ಣ ತಮ್ಮಂದಿರು ಬೋರ್‌ವೆಲ್ ನೀರಿಗೆ ಹೊಡೆದಾಡ್ತಾರಲ್ಲ ಮೇಡಂ" ಅಂದ ಒಬ್ಬ. ಆ ದಿನ ಗಂಟೆ ಹೊಡೆದ ಮೇಲೂ ಯಾರೂ ಏಳಲಿಲ್ಲ. ಅವರ ಮನೆಗಳಲ್ಲಿ ಎಷ್ಟು ಜಗಳ ಇದೆ, ಯಾರು ಯಾರನ್ನ ಮಾತಾಡಿಸುವುದಿಲ್ಲ, ಮಕ್ಕಳಿಗೆ ಎಲ್ಲಾ ಗೊತ್ತಿದೆ.

ಮೊನ್ನೆ ಆರನೇ ತರಗತಿಯ ಹುಡುಗಿಯೊಬ್ಬಳು ಚೀಟಿ ಡಬ್ಬಿ ಹಿಡಿದುಕೊಂಡು ಬಂದು ಕೇಳಿದಳು. ಗೇಟ್ ಹತ್ತಿರ ನಿಂತಿದ್ದರಲ್ಲ, ಆ ಅಮ್ಮನ ಚಿಕ್ಕ ಮಗಳು ಇವಳು. ಶೌಚಾಲಯ ತೊಳೆಯೋಕೆ ನಮ್ಮ ಶಾಲೆಗೆ ವಾರಕ್ಕೆರಡು ದಿನ ಒಬ್ಬ ಹೆಂಗಸು ಬರುತ್ತಾರೆ, ಅವರ ಕಾಲೋನಿಯವರೇ. "ಮಕ್ಕಳು ತೊಳೀಬಾರದು ಸರಿ. ದೊಡ್ಡವರಲ್ಲಿ ಆ ಕೆಲಸಕ್ಕೆ ಯಾಕೆ ಮೇಡಂ ಚೀಟಿ ಇಲ್ಲ?"

ಶುಕ್ರವಾರ ಮಾತಾಡೋಣ ಅಂತ ಹೇಳಿದ್ದೇನೆ. ಹೆಡ್ ಮಾಸ್ಟರಿಗೆ, ಉಳಿದ ಶಿಕ್ಷಕರಿಗೆ ಬರೋಕೆ ಹೇಳಿದ್ದೇನೆ. ಆ ಹೆಂಗಸನ್ನೂ ಕರೆದಿದ್ದೇನೆ, ಬರ್ತೀನಿ ಅಂದಿದ್ದಾರೆ. ಈ ಸಲ ಪುರಿ ಇನ್ನೊಂದು ಸೇರು ಜಾಸ್ತಿ ತರಬೇಕು.