ಮುಳ್ಳು ಮುಟ್ಟದೆ ಸಮಯ ಹೊಂದಿಸುವುದು: ಒಂದೇ ನೆಟ್‌ವರ್ಕ್ ಕಾರ್ಡ್, ಎರಡು ಪಿಟಿಪಿ ಲೆಕ್ಕ

ಸಕಲೇಶಪುರದ ಬಳಿಯ ಅಜ್ಜಿಯ ಮನೆಯ ಪಡಸಾಲೆಯಲ್ಲಿ ಒಂದು ಲೋಲಕದ ಗಡಿಯಾರವಿತ್ತು. ಕೀಲಿ ಕೊಡುವ ಹಕ್ಕು ಅಜ್ಜನಿಗೆ ಮಾತ್ರ. ಮುಳ್ಳು ತಿರುಗಿಸುವ ಹಕ್ಕು ಯಾರಿಗೂ ಇರಲಿಲ್ಲ. ಅದು ದಿನಕ್ಕೆ ಎರಡು ನಿಮಿಷ ಮುಂದೋಡುತ್ತಿತ್ತು. ರೇಡಿಯೊ ವಾರ್ತೆ ಶುರುವಾದಾಗ ಅದು ಎಷ್ಟು ಮುಂದಿದೆ ಎಂದು ಅಜ್ಜ ಪಂಚಾಂಗದ ಅಂಚಿನಲ್ಲಿ ಬರೆದಿಡುತ್ತಿದ್ದರು. ಅಜ್ಜಿಗೆ ರೇಡಿಯೊ ಬೇಕಿರಲಿಲ್ಲ, ಬೆಳಗಿನ ಬಸ್ಸೇ ಪ್ರಮಾಣ; ಅವರ ಲೆಕ್ಕ ಅಡುಗೆಮನೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ. ತಿಂಗಳ ಕೊನೆಗೆ ಗಡಿಯಾರ ಒಂದು ಗಂಟೆ ಮುಂದಿದ್ದರೂ ಇಬ್ಬರಿಗೂ ಏನೂ ತಪ್ಪುತ್ತಿರಲಿಲ್ಲ.

ಈ ಗಡಿಯಾರ ನನಗೆ ನೆನಪಾದದ್ದು ಹಾಸನದ ಒಂದು ಕಾಫಿ ಕ್ಯೂರಿಂಗ್ ಘಟಕದಲ್ಲಿ. ಅಲ್ಲಿನ ಕಂಪ್ಯೂಟರು, ಕೇಬಲ್ಲು ಎಲ್ಲವೂ ನನ್ನ ಪಾಲಿನ ಕೆಲಸ. ಬೀಜ ವಿಂಗಡಿಸುವ ಯಂತ್ರದ ಕ್ಯಾಮೆರಾಗಳು ನೆಟ್‌ವರ್ಕ್ ಮೂಲಕ ಗಡಿಯಾರ ಹೊಂದಿಸುವ ಪಿಟಿಪಿ ಎಂಬ ಪದ್ಧತಿಯನ್ನು ಬಳಸುತ್ತವೆ. ಅವುಗಳಿಗೆ ಸಮಯ ಕೊಡುವ ಪೆಟ್ಟಿಗೆಗೆ ಜಿಪಿಎಸ್ ಇಲ್ಲ, ಅದು ತನ್ನದೇ ಕಾಲದಲ್ಲಿ ಬದುಕುತ್ತದೆ. ವಾರಂಟಿಯ ಮೊಹರು ಬಿದ್ದಿರುವುದರಿಂದ ಮುಟ್ಟುವಂತಿಲ್ಲ. ವಿದ್ಯುತ್ ಮೀಟರುಗಳದ್ದು ಬೇರೆ ಡೊಮೇನ್ (ಒಂದೇ ಗಡಿಯಾರವನ್ನು ಅನುಸರಿಸುವ ಪಿಟಿಪಿ ಗುಂಪು), ಚಾವಣಿಯ ಮೇಲೆ ಜಿಪಿಎಸ್ ಆಂಟೆನಾ ಇರುವ ಬೇರೆ ಗಡಿಯಾರ. ವೋಲ್ಟೇಜ್ ಕುಸಿದ ಕ್ಷಣದಲ್ಲೇ ಒಳ್ಳೆಯ ಬೀಜವೂ ಕಪ್ಪುಬೀಜದ ರಾಶಿಗೆ ಬೀಳುತ್ತಿದೆಯೇ ಎಂದು ನೋಡಲು ಎರಡೂ ಲೆಕ್ಕ ಒಂದೇ ಕಂಪ್ಯೂಟರಿಗೆ ಬರಬೇಕಿತ್ತು. ಅದರಲ್ಲಿದ್ದದ್ದು ಒಂದೇ ಕಾರ್ಡು. (ಸಾಲಗಾಮೆ ರಸ್ತೆಯ ಇಸ್ರೋ ಕೇಂದ್ರದಿಂದಲೇ ಸಮಯ ಕೇಳಬಾರದೇ ಎಂದು ಘಟಕದ ಮೇಲ್ವಿಚಾರಕರು ಕೇಳಿದ್ದರು. ಅಂಗೈಯಗಲದ ಆಂಟೆನಾ ಸಾಕು, ಸರ್.)

ಮೊದಲು ಕಾರ್ಡಿನಲ್ಲಿ ಗಡಿಯಾರ ಇದೆಯೇ ನೋಡಿ. ಲಿನಕ್ಸ್‌ನ ಇಥ್‌ಟೂಲ್ ಆಜ್ಞೆಗೆ ದೊಡ್ಡಕ್ಷರದ ‘ಟಿ’ ಆಯ್ಕೆ ಸೇರಿಸಿ ಕಾರ್ಡಿನ ಹೆಸರು ಕೊಟ್ಟರೆ, ಪಿಟಿಪಿ ಹಾರ್ಡ್‌ವೇರ್ ಕ್ಲಾಕ್ ಎಂಬ ಸಾಲಿನಲ್ಲಿ ಒಂದು ಸಂಖ್ಯೆ ಬರಬೇಕು. ‘ನನ್’ ಎಂದು ಬಂದರೆ ಇಂಟೆಲ್ ಐ210ರಂಥ ಕಾರ್ಡು ತರಿಸಿ. ತಂತ್ರಾಂಶ ಒತ್ತುವ ಸಮಯದ ಮುದ್ರೆಯಲ್ಲಿ ಕಾಲ ಕಳೆಯಬೇಡಿ. ಪ್ಯಾಕೆಟ್ ತಂತಿಗೆ ಇಳಿಯುವ, ತಂತಿಯಿಂದ ಏರುವ ಜಾಗದಲ್ಲೇ ಕಾರ್ಡಿನ ಗಡಿಯಾರ ಅದಕ್ಕೆ ಸಮಯದ ಮುದ್ರೆ ಒತ್ತುತ್ತದೆ. ಕರ್ನಲ್ (ಲಿನಕ್ಸ್‌ನ ತಿರುಳು) ಎಷ್ಟು ಹೊತ್ತು ಕಾಯಿಸಿತು ಎಂಬ ತಕರಾರು ಅಲ್ಲಿಗೆ ಮುಗಿಯಿತು.

ನನ್ನ ತಪ್ಪು ಮುಂದಿನ ಹೆಜ್ಜೆಯಲ್ಲಿ. ಎರಡು ಡೊಮೇನಿಗೆ ಎರಡು ಪಿಟಿಪಿ4ಎಲ್ (ಪಿಟಿಪಿ ಕೇಳಿ ಗಡಿಯಾರ ತಿದ್ದುವ ಕಾರ್ಯಕ್ರಮ) ಓಡಿಸಿದೆ, ಎರಡೂ ಒಂದೇ ಕಾರ್ಡಿನ ಮೇಲೆ. ಭೌತಿಕ ಗಡಿಯಾರ ಒಂದೇ. ಒಂದು ಕಾರ್ಯಕ್ರಮ ಮುಂದಕ್ಕೆ ತಳ್ಳಿತು, ಇನ್ನೊಂದು ಹಿಂದಕ್ಕೆ ಎಳೆಯಿತು. ಒಂದೇ ಗಡಿಯಾರದ ಮುಳ್ಳಿಗೆ ಅಜ್ಜ ಅಜ್ಜಿ ಇಬ್ಬರೂ ಕೈ ಹಾಕಿದಂತೆ. ಲಾಗ್‌ನಲ್ಲಿ ವ್ಯತ್ಯಾಸದ ಅಂಕಿ ಕುಣಿಯುವುದನ್ನು ನೋಡುತ್ತಾ ಒಂದು ರಾತ್ರಿ ಕಳೆದೆ. ಸ್ವಿಚ್ಚನ್ನು ಬೈದೆ, ಕೇಬಲ್ ಬದಲಿಸಿದೆ. ಎರಡಕ್ಕೂ ಸಂಬಂಧವೇ ಇರಲಿಲ್ಲ.

ದಾರಿ ಇರುವುದು ಮುಳ್ಳು ಮುಟ್ಟದಿರುವುದರಲ್ಲಿ. ಲಿನಕ್ಸ್ ಕರ್ನಲ್ 5.14ರಿಂದ ವರ್ಚುವಲ್ ಗಡಿಯಾರಗಳ, ಅಂದರೆ ಭೌತಿಕ ಗಡಿಯಾರದ ಮೇಲೆ ಬರೀ ಲೆಕ್ಕದಲ್ಲಿ ಓಡುವ ಗಡಿಯಾರಗಳ, ಸೌಲಭ್ಯವಿದೆ. ಮೊದಲು ಪಿಟಿಪಿ4ಎಲ್ ನಿಲ್ಲಿಸಿ. ಆಮೇಲೆ ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಆಗಿ /ಸಿಸ್/ಕ್ಲಾಸ್/ಪಿಟಿಪಿ/ಪಿಟಿಪಿ0 ಒಳಗಿನ ‘ಎನ್_ವಿಕ್ಲಾಕ್ಸ್’ ಕಡತಕ್ಕೆ 2 ಎಂದು ಬರೆಯಿರಿ. ಪಿಟಿಪಿ0 ಕಾರ್ಡಿನ ಭೌತಿಕ ಗಡಿಯಾರ; ಅದರ ಮೇಲೆ ಪಿಟಿಪಿ1, ಪಿಟಿಪಿ2 ಹುಟ್ಟುತ್ತವೆ. ಇನ್ನೊಂದು ಕಾರ್ಡಿದ್ದರೆ ಸಂಖ್ಯೆ ಬೇರೆಯಾದೀತು, ಕರ್ನಲ್ ಸಂದೇಶಗಳನ್ನು ತೋರಿಸುವ ಡಿಮೆಸೇಜ್‌ನಲ್ಲಿ ಖಚಿತಪಡಿಸಿಕೊಳ್ಳಿ. ಭೌತಿಕ ಗಡಿಯಾರ ಇನ್ನು ಸ್ವತಂತ್ರವಾಗಿ ಓಡುತ್ತದೆ ಎಂಬ ಸಾಲೂ ಅಲ್ಲೇ ಕಾಣುತ್ತದೆ. ಆ ಕ್ಷಣದಿಂದ ಪಿಟಿಪಿ0 ತಿದ್ದಲು ಹೋದರೆ ಕರ್ನಲ್ ಒಪ್ಪುವುದಿಲ್ಲ. ಕಾರ್ಡಿನ ಗಡಿಯಾರದ ಹರಳು ತನ್ನ ಪಾಡಿಗೆ ಓಡಲಿ. ದಶಲಕ್ಷಕ್ಕೆ ಹತ್ತು ಭಾಗ ತಪ್ಪಿದರೂ ದಿನಕ್ಕೆ 0.86 ಸೆಕೆಂಡ್, ಅಷ್ಟೇ. ಕಾರ್ಡು ಎಂದಿನಂತೆ ಮುದ್ರೆ ಒತ್ತುತ್ತದೆ, ಯಾವ ವರ್ಚುವಲ್ ಗಡಿಯಾರ ಕೇಳಿದೆಯೋ ಅದರ ಲೆಕ್ಕಕ್ಕೆ ಕರ್ನಲ್ ಅದನ್ನು ಪರಿವರ್ತಿಸಿ ಕೊಡುತ್ತದೆ. ಪಂಚಾಂಗದ ಅಂಚು ಒಂದು, ಅಡುಗೆಮನೆಯ ಗೋಡೆ ಇನ್ನೊಂದು.

ಈಗ ಎರಡು ಸಂರಚನಾ ಕಡತ ಮಾಡಿ. ಪಿಟಿಪಿ4ಎಲ್ ಇರುವ ಲಿನಕ್ಸ್‌ಪಿಟಿಪಿ ಕಟ್ಟಿನ 4.0 ಅಥವಾ ನಂತರದ ಆವೃತ್ತಿ ಇರಲಿ, ಏಕೆಂದರೆ ಯಾವ ಗಡಿಯಾರ ಎಂದು ಹೇಳುವ ‘ಪಿಎಚ್‌ಸಿ_ಇಂಡೆಕ್ಸ್’ ಆಯ್ಕೆ ಬೇಕು: ಕ್ಯಾಮೆರಾಗಳ ಕಡತದಲ್ಲಿ 1, ಮೀಟರುಗಳದ್ದರಲ್ಲಿ 2. ಡೊಮೇನ್ ಸಂಖ್ಯೆಯೂ ಬೇರೆ ಬೇರೆ. ಬೇರೆ ಕಾರ್ಯಕ್ರಮಗಳು ಪಿಟಿಪಿ4ಎಲ್ ಜೊತೆ ಮಾತಾಡುವ ಬಾಗಿಲಾದ ‘ಯುಡಿಎಸ್_ಅಡ್ರೆಸ್’ ಮತ್ತು ಅದರ ಓದಲು ಮಾತ್ರದ ಜೊತೆಗಾರನಿಗೂ ಬೇರೆ ದಾರಿ ಕೊಡಿ, ಇಲ್ಲವಾದರೆ ಎರಡೂ ಒಂದೇ ಬಾಗಿಲಿಗೆ ಜಗಳವಾಡುತ್ತವೆ. ಓಡಿಸಿ, ಲಾಗ್ ನೋಡಿ. ಎಸ್0 ಎಂದರೆ ಇನ್ನೂ ಹಿಡಿತ ಸಿಕ್ಕಿಲ್ಲ, ಎಸ್1 ಎಂದರೆ ಒಮ್ಮೆಲೇ ಜಿಗಿಸಿದೆ, ಎಸ್2 ಎಂದರೆ ಹಿಡಿದುಕೊಂಡಿದೆ. ಎರಡು ಕಿಟಕಿಯಲ್ಲೂ ಎಸ್2 ನಿಂತು, ವ್ಯತ್ಯಾಸ ನ್ಯಾನೊಸೆಕೆಂಡುಗಳಿಗೆ ಇಳಿದಾಗ ನಾನು ಕಾಫಿಗೆ ಎದ್ದೆ. ವ್ಯತ್ಯಾಸ ಮೈಕ್ರೊಸೆಕೆಂಡುಗಳಲ್ಲೇ ತೂಗಾಡುತ್ತಿದ್ದರೆ ಆಗ ಸ್ವಿಚ್ಚನ್ನು ಬೈಯಬಹುದು. ಪಿಟಿಪಿ ತಿಳಿಯದ ಸ್ವಿಚ್ ಪ್ಯಾಕೆಟ್ಟನ್ನು ಸಾಲಿನಲ್ಲಿ ನಿಲ್ಲಿಸಿ ಎಷ್ಟು ಹೊತ್ತು ನಿಲ್ಲಿಸಿದೆ ಎಂದು ಹೇಳುವುದಿಲ್ಲ.

ಕಂಪ್ಯೂಟರಿನ ಸ್ವಂತ ಗಡಿಯಾರ ಒಂದೇ ಆದ್ದರಿಂದ ಅದಕ್ಕೆ ಒಂದೇ ಗುರು. ಮೀಟರಿನ ಪಿಟಿಪಿ2ನ್ನು ಮೂಲವಾಗಿಟ್ಟು, ಆ ಸಮಯವನ್ನು ಕಂಪ್ಯೂಟರಿನ ಗಡಿಯಾರಕ್ಕೆ ದಾಟಿಸುವ ಪಿಎಚ್‌ಸಿ2ಸಿಸ್ ಓಡಿಸಿದೆ. ಪಿಟಿಪಿ ಸಾಮಾನ್ಯವಾಗಿ ಟಿಎಐ (ಅಂತರರಾಷ್ಟ್ರೀಯ ಪರಮಾಣು ಕಾಲಮಾನ) ಸಮಯ ಹಂಚುತ್ತದೆ. 2017ರ ಜನವರಿ 1ರಿಂದ ಅದು ನಮ್ಮ ದಿನನಿತ್ಯದ ಸಮಯಕ್ಕೆ ಆಧಾರವಾದ ಯುಟಿಸಿಗಿಂತ 37 ಸೆಕೆಂಡ್ ಮುಂದಿದೆ. ಪಿಎಚ್‌ಸಿ2ಸಿಸ್‌ನ ದೊಡ್ಡಕ್ಷರದ ‘ಓ’ ಆಯ್ಕೆಗೆ -37 ಕೊಡಿ. ಮರೆತರೆ ನಿಮ್ಮ ಕಂಪ್ಯೂಟರ್ ಮೊಬೈಲಿಗಿಂತ ಸರಿಯಾಗಿ 37 ಸೆಕೆಂಡ್ ಮುಂದಿರುತ್ತದೆ. ಆ ಅಂಕಿ ಕಂಡರೆ ಕಾರಣ ಹುಡುಕುತ್ತಾ ಅಲೆಯಬೇಡಿ.

ಕಾರ್ಡಿನ ಪಿನ್ನಿನಿಂದ ಸೆಕೆಂಡಿಗೊಂದು ಮಿಡಿತ ತೆಗೆದು ಬೇರೆ ಉಪಕರಣಕ್ಕೆ ಕೊಡುವ ಉದ್ದೇಶವಿದ್ದರೆ ಈ ದಾರಿ ಬೇಡ. ಪಿನ್ನು ಅನುಸರಿಸುವುದು ಯಾರೂ ತಿದ್ದದ ಭೌತಿಕ ಗಡಿಯಾರವನ್ನು. ಅಂಥ ಕಡೆ ಇನ್ನೊಂದು ಕಾರ್ಡು ಕೊಳ್ಳುವುದೇ ವಾಸಿ.

ವರ್ಚುವಲ್ ಗಡಿಯಾರಗಳು ಮರುಚಾಲನೆಯಾದರೆ ಮಾಯವಾಗುತ್ತವೆ. ಇದು ನನಗೆ ತಿಳಿದದ್ದು ಯುಪಿಎಸ್ ಬ್ಯಾಟರಿಯೂ ಕೈಕೊಟ್ಟ ಒಂದು ಮಳೆಯ ಸಂಜೆ. 2 ಬರೆಯುವ ಕೆಲಸವನ್ನು ಕಂಪ್ಯೂಟರ್ ಏಳುವಾಗ ತಾನೇ ಓಡುವ ಒಂದು ಸಿಸ್ಟಮ್‌ಡಿ ಸೇವೆಯಾಗಿಸಿ, ಎರಡೂ ಪಿಟಿಪಿ4ಎಲ್ ಅದರ ನಂತರವೇ ಏಳುವಂತೆ ಮಾಡಿ. ಎಲ್ಲ ಸಾಕು, ಮೊದಲಿನಂತೆ ಆಗಲಿ ಎನ್ನಿಸಿದರೆ ಸೇವೆಗಳನ್ನು ನಿಲ್ಲಿಸಿ ಅದೇ ಕಡತಕ್ಕೆ 0 ಬರೆಯಿರಿ. ಪಿಟಿಪಿ0ರ ಮುಳ್ಳು ಮತ್ತೆ ನಿಮ್ಮ ಕೈಗೆ ಬರುತ್ತದೆ.