ನಮ್ಮ ಪದ್ಮಿನಿಯ ತಳದ ತುಕ್ಕು

ಮ್ಯಾಟ್ ಎತ್ತಿದ ಕೂಡಲೇ ಮೂಗಿಗೆ ಬಡಿದದ್ದು ಒದ್ದೆ ಗೋಣಿಚೀಲದ ವಾಸನೆ. ಡ್ರೈವರ್ ಕಾಲಿಡುವ ಜಾಗದಲ್ಲಿ ರಬ್ಬರ್ ಮ್ಯಾಟ್ ಕೆಳಗಿನ ನಾರಿನ ಹಾಸು ಹಿಂಡಿದರೆ ನೀರು ಬರುವಷ್ಟು ನೆನೆದಿತ್ತು. ಮಳೆ ನಿಂತು ಹದಿನೈದು ದಿನ ಆಗಿತ್ತು. ಹಾಸು ಕಿತ್ತು ನೋಡಿದರೆ ತಗಡೆಲ್ಲ ಇಟ್ಟಿಗೆ ಬಣ್ಣ.

ಕಾರು ಅಪ್ಪನದು. 1984ರ ಪ್ರೀಮಿಯರ್ ಪದ್ಮಿನಿ. ಮಂಡ್ಯದ ಪಕ್ಕ ನಾಲೆ ಬಯಲಿನ ಊರು ನಮ್ಮದು. ಅಪ್ಪ ಗದ್ದೆಯಿಂದ ಕೆಸರುಗಾಲಲ್ಲೇ ಬಂದು ಕಾರು ಹತ್ತಿ ಆಲೆಮನೆಗೆ ಹೋಗುತ್ತಿದ್ದರು. ಹಾಗಾಗಿ ತುಕ್ಕಿಗೆ ಕಾರಣ ಕೆಸರೇ ಅಂತ ನಾನು ಮೊದಲೇ ತೀರ್ಮಾನ ಮಾಡಿಬಿಟ್ಟೆ. ಆ ದಿನವೇ ಬಣ್ಣ ತರಲು ಹೊರಟಿದ್ದೆ. ಜಗುಲಿ ಮೇಲೆ ಕೂತಿದ್ದ ಅಪ್ಪ ಒಂದೇ ಮಾತು ಕೇಳಿದರು: "ತೂಬು ಮುಚ್ದೆ ಗದ್ದೆ ಒಣಗ್ತದೇನ್ಲಾ? ಮೊದ್ಲು ನೀರೆಲ್ಲಿಂದ ಬತ್ತದೆ ನೋಡು."

ಅವರು ಹೇಳಿದ್ದು ಸರಿ. ಅವರು ಕಾರು ಓಡಿಸುವುದು ಬಿಟ್ಟು ಆರು ವರ್ಷ ಆಗಿದೆ. ಆರು ವರ್ಷದ ಹಿಂದಿನ ಕೆಸರು ಈಗ ಹಾಸನ್ನು ನೆನೆಸುತ್ತಾ?

ನನ್ನ ಮಗಳನ್ನು ಟಾರ್ಚ್ ಕೊಟ್ಟು ಒಳಗೆ ಕೂರಿಸಿದೆ. ನಾನು ಹೊರಗಿಂದ ಪೈಪಿನಲ್ಲಿ ನೀರು ಬಿಟ್ಟೆ. ಸಣ್ಣಗೆ ಬಿಡಬೇಕು, ಅದೂ ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ಹೋಗಬೇಕು. ಒಂದೇ ಸಲ ಮೇಲಿಂದ ಸುರಿದರೆ ಎಲ್ಲಾ ಕಡೆ ಒದ್ದೆಯಾಗಿ ಯಾವ ಸಂದಿ ಸೋರುತ್ತಿದೆ ಅಂತ ಗೊತ್ತೇ ಆಗುವುದಿಲ್ಲ. ಬಾಗಿಲ ಹತ್ತಿರ ಏನೂ ಇಲ್ಲ. ಮುಂದಿನ ಗಾಜಿನ ಕೆಳಮೂಲೆಗೆ ಬಂದಾಗ ಒಳಗಿಂದ ಕೂಗಿದಳು: "ಅಪ್ಪಾ, ಇಲ್ಲಿ ತೊಟ್ಟಿಕ್ತಿದೆ!" ಗಾಜಿನ ಸುತ್ತಲಿನ ರಬ್ಬರ್ ಬೀಡಿಂಗ್ ಒಣಗಿ ಬಿರುಕು ಬಿಟ್ಟಿತ್ತು. ನೀರು ಡ್ಯಾಶ್‌ಬೋರ್ಡಿನ ಹಿಂದೆ ಇಳಿದು, ಯಾರ ಕಣ್ಣಿಗೂ ಬೀಳದೆ, ನೇರ ಹಾಸಿನ ಕೆಳಗೆ ಹೋಗಿ ಕೂರುತ್ತಿತ್ತು. ಹೊಸ ಬೀಡಿಂಗ್ ಹಾಕಿಸಿದೆವು. ಬೀಡಿಂಗಿನ ಸೀಳಿನಲ್ಲಿ ಹುರಿ ಕೂರಿಸಿ, ಒಬ್ಬರು ಹೊರಗಿಂದ ಗಾಜು ಒತ್ತುತ್ತಾ, ಇನ್ನೊಬ್ಬರು ಒಳಗಿಂದ ಹುರಿ ಎಳೆಯುತ್ತಾ ಹೋಗುತ್ತಾರೆ. ನೋಡಲು ಚೆಂದದ ಕೆಲಸ. ಗಾಜು ತೆಗೆದಾಗ ಅದರ ಚೌಕಟ್ಟಿನಲ್ಲೂ ತುಕ್ಕು ಸಿಕ್ಕಿತು. ಅದನ್ನು ಆಗಲೇ ಉಜ್ಜಿ, ಬಣ್ಣಕ್ಕೆ ಮೊದಲು ಬಳಿಯುವ ಪ್ರೈಮರ್ ಹಚ್ಚಿಕೊಂಡೆ.

ಇನ್ನು ತಳ. ಕಾರಿನ ತಗಡು ಕೆಲಸ ಮಾಡುವ ಒಬ್ಬ ಟಿಂಕರಿಗೆ ತೋರಿಸಿದೆ. ಅವರು ಇಡೀ ತಳ ಕೊಯ್ದು ಹೊಸ ತಗಡು ಬೆಸೆಯೋಣ ಅಂದರು. ನನಗೆ ಒಪ್ಪಿಗೆಯಾಗಲಿಲ್ಲ. ಪದ್ಮಿನಿ ಮೂಲದಲ್ಲಿ ಫಿಯೆಟ್ 1100. ಹಳೇ ಜೀಪಿಗೆ ಇರುವ ಹಾಗೆ ಇದಕ್ಕೆ ಬಾಡಿಯನ್ನು ಹೊರುವ ಬೇರೆ ಚಾಸಿ ಇಲ್ಲ. ಬಾಡಿಯೇ ಚಾಸಿ, ತಳವೂ ಅದರ ಬಲದಲ್ಲಿ ಒಂದು ಪಾಲು. ಸುಮ್ನೆ ಕೊಯ್ಯುವ ಜಾಗ ಅದಲ್ಲ. ಹಾಗೇ, ನಿಜವಾಗಿ ತಿಂದುಹೋಗಿದ್ದರೆ ಬಣ್ಣ ಬಳಿದು ಮುಚ್ಚುವ ಜಾಗವೂ ಅಲ್ಲ. ಆದ್ದರಿಂದ ಪರೀಕ್ಷೆ ಮಾಡದೆ ಮುಂದುವರಿಯಬಾರದು.

ಸೀಟು ಬಿಚ್ಚಿ, ಬ್ಯಾಟರಿ ಕನೆಕ್ಷನ್ ತೆಗೆದು, ತಳವನ್ನೆಲ್ಲ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತಾ ಹೋದೆ. ಗಟ್ಟಿ ತಗಡು ಠಣ್ ಅನ್ನುತ್ತದೆ. ಕೊಳೆತದ್ದು ಡಬ್ ಅನ್ನುತ್ತದೆ. ಅನುಮಾನ ಬಂದ ಕಡೆ ಸ್ಕ್ರೂಡ್ರೈವರ್ ಮೊನೆ ಒತ್ತಿ ನೋಡಿದೆ. ನಾಲ್ಕು ಬೆರಳಗಲದ ಒಂದು ಜಾಗ ಬಿಟ್ಟರೆ ಎಲ್ಲೂ ಮೊನೆ ಇಳಿಯಲಿಲ್ಲ. ಆ ಜಾಗ ಇದ್ದದ್ದು ಹಿಂದೆ ಯಾವುದೋ ಗ್ಯಾರೇಜಿನಲ್ಲಿ ತುಕ್ಕಿನ ಮೇಲೇ ಕಪ್ಪು ಅಂಡರ್‌ಕೋಟಿಂಗ್ ಬಳಿದಿದ್ದ ಕಡೆ. ಮೇಲಿಂದ ಹೊಸದರಂತೆ ಹೊಳೆಯುತ್ತಿತ್ತು. ಉಗುರು ಹಾಕಿದರೆ ಹಪ್ಪಳದ ಹಾಗೆ ಎದ್ದು ಬಂತು, ಕೆಳಗೆ ಬರೀ ಕೆಂಪು ಪುಡಿ. ಅಲ್ಲಿಗೆ ಮಾತ್ರ ತಗಡು ಬೆಸೆಸಿದೆ. ಬೆಸೆಯುವ ಮೊದಲು ಪೆಟ್ರೋಲ್ ಪೈಪ್, ಬ್ರೇಕ್ ಪೈಪ್ ಎಲ್ಲಿ ಹಾದುಹೋಗಿವೆ ಅಂತ ಕಾರಿನ ಕೆಳಗೆ ಮಲಗಿ ನೋಡಲೇಬೇಕು. ಇದರಲ್ಲಿ ಉದಾಸೀನ ಬೇಡ.

ಉಳಿದದ್ದು ಮೇಲ್ತುಕ್ಕು. ಗ್ರೈಂಡರಿಗೆ ವೈರ್ ಕಪ್ ಹಾಕಿ ಉಜ್ಜಿದೆ. ಅದರಿಂದ ತಂತಿಯ ಚೂರುಗಳು ಸೂಜಿಯಂತೆ ಹಾರುತ್ತವೆ. ಒಂದು ನನ್ನ ಅಂಗಿ ತೂರಿ ಚುಚ್ಚಿತು. ಕನ್ನಡಕ, ಮಾಸ್ಕ್, ದಪ್ಪ ಬಟ್ಟೆ ಇಲ್ಲದೆ ಶುರು ಮಾಡಬೇಡಿ. ಒಂದೇ ಕಡೆ ಜಾಸ್ತಿ ಹೊತ್ತು ಒತ್ತಲೂಬಾರದು. ತುಕ್ಕು ಹೋಗದೆ ಪಾಲಿಶ್ ಆಗಿ ಕಪ್ಪಗೆ ಮಿನುಗುತ್ತದೆ, ಹೋಯಿತು ಅಂತ ನಾವು ಮೋಸಹೋಗುತ್ತೇವೆ. ಆಮೇಲೆ 80 ನಂಬರಿನ ಎಮರಿ ಶೀಟಿನಲ್ಲಿ ಕೈಯಿಂದ ಉಜ್ಜಿದೆ. ತಗಡಿನ ಹಳ್ಳಗಳಲ್ಲಿ ಕೂತ ತುಕ್ಕು ಇಷ್ಟಕ್ಕೂ ಜಗ್ಗುವುದಿಲ್ಲ. ಅಲ್ಲಿಗೆ ಫಾಸ್ಫಾರಿಕ್ ಆಮ್ಲ ಇರುವ ದ್ರಾವಣ ಹಚ್ಚಿದೆ. ಅದು ತುಕ್ಕನ್ನು ಕಪ್ಪು ಬೂದು ಬಣ್ಣದ ಕಬ್ಬಿಣದ ಫಾಸ್ಫೇಟ್ ಮಾಡುತ್ತದೆ. ಒಣಗಲು ಬಿಡದೆ ಮತ್ತೆ ಮತ್ತೆ ಹಚ್ಚಿ, ಕೊನೆಗೆ ನೀರಿನಲ್ಲಿ ಚೆನ್ನಾಗಿ ಒರೆಸಿ ತೆಗೆದೆ. ಆಮ್ಲ ಉಳಿದರೆ ಮೇಲೆ ಹಚ್ಚುವ ಎಪಾಕ್ಸಿ ಪ್ರೈಮರ್ ಸರಿಯಾಗಿ ಗಟ್ಟಿಯಾಗುವುದಿಲ್ಲ. ಒರೆಸಿದ ತಕ್ಷಣ ಒಣಗಿಸಬೇಕು. ಬರೀ ತಗಡು ಒದ್ದೆ ಇದ್ದರೆ ಕಣ್ಣೆದುರೇ ಮತ್ತೆ ಕೆಂಪಾಗುತ್ತದೆ. ಶಿವರಾತ್ರಿ ಕಳೆದ ಮೇಲಿನ ಬಿಸಿಲು, ಜೊತೆಗೆ ಮನೆಯ ಹೇರ್ ಡ್ರೈಯರ್, ಎರಡೂ ನೆರವಿಗೆ ಬಂದವು. ಸೀಟಿನ ಬೋಲ್ಟುಗಳನ್ನು ಮಾತ್ರ ಅಮ್ಮ ಹಿತ್ತಾಳೆ ಚೊಂಬು ತೊಳೆಯುವ ಹುಣಸೆಹುಳಿಯಲ್ಲೇ ರಾತ್ರಿಯಿಡೀ ನೆನೆಹಾಕಿದೆ. ಬೆಳಗ್ಗೆ ಬ್ರಷ್ ಹಾಕಿದರೆ ತುಕ್ಕೆಲ್ಲ ಬಿಟ್ಟುಕೊಂಡಿತ್ತು.

ಪ್ರೈಮರ್ ವಿಷಯದಲ್ಲಿ ಅಂಗಡಿಯವರು ಕೊಡಲು ಬಂದದ್ದು ರೆಡ್ ಆಕ್ಸೈಡ್. ಗೇಟಿಗೆ, ಕಿಟಕಿ ಸರಳಿಗೆ ಅದು ಸಾಕು. ಕಾರಿನ ತಳಕ್ಕೆ ಸಾಲದು, ತೇವ ಅದರೊಳಗೆ ನಿಧಾನವಾಗಿ ಇಳಿಯುತ್ತದೆ. ಹಾರ್ಡನರ್ ಬೆರೆಸುವ ಎರಡು ಡಬ್ಬಿಯ ಎಪಾಕ್ಸಿ ಪ್ರೈಮರ್ ತಂದೆ. ಥಿನ್ನರಿನಲ್ಲಿ ಜಿಡ್ಡು ಒರೆಸಿ, ಡಬ್ಬಿ ಮೇಲಿನ ಅಳತೆಯಂತೆ ಬೆರೆಸಿ, ಬ್ರಷ್‌ನಲ್ಲಿ ಎರಡು ಕೈ ಹಚ್ಚಿದೆ. ಬಾಗಿಲೆಲ್ಲ ತೆಗೆದಿಟ್ಟುಕೊಂಡೇ ಹಚ್ಚಿದ್ದು, ಅದರ ಆವಿ ಒಳ್ಳೆಯದಲ್ಲ. ಎರಡು ತಗಡು ಕೂಡುವ ಸಂದಿಗಳಿಗೆ ಅದರ ಮೇಲೆ ಸೀಮ್ ಸೀಲರ್, ಅಂದರೆ ಒಣಗಿದ ಮೇಲೂ ಬಳುಕುವ ಅಂಟು. ಸಂದಿಗೆ ಕಲ್ಲಿನಂತೆ ಗಟ್ಟಿಯಾಗುವ ಪುಟ್ಟಿ ಹಾಕಬೇಡಿ, ಕಾರು ಓಡುವಾಗ ಬಾಡಿ ಬಳುಕುತ್ತದೆ, ಪುಟ್ಟಿ ಸೀಳುತ್ತದೆ. ಕೊನೆಗೆ ತಿಳಿ ಬೂದು ಬಣ್ಣ. ಕಪ್ಪು ಬೇಕೆಂದೇ ಬಿಟ್ಟೆ. ಬೂದು ಬಣ್ಣದ ಮೇಲೆ ತುಕ್ಕಿನ ಒಂದು ಚುಕ್ಕೆ ಎದ್ದರೂ ಕಾಣುತ್ತದೆ. ಕೆಳಭಾಗಕ್ಕೂ ಇದೇ ಕ್ರಮ, ಮೇಲೆ ಕಲ್ಲೇಟು ತಡೆಯುವ ಒಂದು ಕೋಟ್. ಎಲ್ಲಾ ಸೇರಿ ಆರು ಭಾನುವಾರ ಹಿಡಿಯಿತು.

ನಾರಿನ ಹಾಸನ್ನು ಮತ್ತೆ ಹಾಕಲಿಲ್ಲ. ನೀರು ಹೀರಿ ಹಿಡಿದಿಟ್ಟುಕೊಳ್ಳುವುದೇ ಅದರ ಗುಣ. ಮ್ಯಾಟ್ ಕೆಳಗೆ ಈಗ ಹಳೇ ಪೇಪರ್ ಹಾಳೆ ಹಾಸಿದ್ದೇನೆ, ಒಂದು ಹನಿ ಬಿದ್ದರೂ ಕಾಗದ ಸುಕ್ಕಾಗುತ್ತದೆ. ಜೂನಿನ ಮೊದಲ ಜೋರು ಮಳೆಯ ಮಾರನೇ ದಿನ ಅಪ್ಪನೇ ಬಂದು ಮ್ಯಾಟ್ ಎತ್ತಿ ನೋಡಿದರು. ಬಲಗಡೆ ಗರಿಗರಿ ಇತ್ತು. ಎಡಗಡೆ ಮೂಲೆಯಲ್ಲಿ ಅಂಗೈಯಗಲ ಸುಕ್ಕು.

"ಇನ್ನೊಂದು ತೂಬದೆ ಕನ್ಲಾ," ಅಂದರು.

ಈ ಭಾನುವಾರ ಮತ್ತೆ ಪೈಪು, ಟಾರ್ಚು. ಮಗಳಿಗೆ ಹೇಳಿಟ್ಟಿದ್ದೇನೆ.